ನಿಮ್ಮ ಇಂಗ್ಲಿಷ್ ಯಾವ ಕೆಲಸಕ್ಕೆ?

ಇಂಗ್ಲಿಷ್ ಕಲಿಯಬೇಕು ಎನ್ನುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಇದೇ. ‘ಎಲ್ಲರೂ ಮಾತನಾಡುತ್ತಾರಲ್ಲ, ನಮಗೂ ಬರಬೇಕು’ ಎಂಬುದಕ್ಕಿಂತ ಬೇರೆ ಉತ್ತರ ಸಿಗುವುದು ಅಪರೂಪ. ಇಂಥವರು ಮಳೆಗಾಲಕ್ಕೆ ಮುಂಚೆ ಕೋರ್ಸಿಗೆ ದುಡ್ಡು ಕಟ್ಟುತ್ತಾರೆ, ಕಾಫಿ ಕುಯ್ಲು ಶುರುವಾಗುವಷ್ಟರಲ್ಲಿ ಪುಸ್ತಕ ಅಟ್ಟ ಸೇರಿರುತ್ತದೆ. ಆಮೇಲೆ ‘ನನಗೆ ತಲೆಗೆ ಹತ್ತುವುದಿಲ್ಲ’ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅದನ್ನು ಕೇಳಿದಾಗ ಸಂಕಟವಾಗುತ್ತದೆ. ಅವರ ತಲೆ ಚೆನ್ನಾಗಿಯೇ ಇದೆ, ಹಿಡಿದುಕೊಳ್ಳಲು ಒಂದು ಗುರಿ ಇರಲಿಲ್ಲ, ಅಷ್ಟೇ.

ಹಾಗೆ ನೋಡಿದರೆ ಭಾಷೆ ಕಲಿಯುವುದು ಕೊಡಗಿನವರಿಗೆ ಹೊಸತೇನಲ್ಲ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಗೋಣಿಕೊಪ್ಪಲಿನ ಅಂಗಡಿಯಲ್ಲಿ ಮಲಯಾಳ ಎಂದು ದಿನಕ್ಕೆ ಮೂರು ಭಾಷೆ ದಾಟುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಪಕ್ಕದ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರಿಗೆ ಹಿಂದಿಯ ಗಂಧವೇ ಇರಲಿಲ್ಲ. ಅಸ್ಸಾಂನಿಂದ ಕೆಲಸದವರು ಬರತೊಡಗಿದ ಮೇಲೆ ಹಾಜರಿ ಕೂಗಬೇಕು, ಕುಯ್ದ ಹಣ್ಣನ್ನು ತೂಗಿ ಲೆಕ್ಕ ಹೇಳಬೇಕು, ಜ್ವರ ಬಂದವರನ್ನು ವಿಚಾರಿಸಬೇಕು. ಒಂದು ಕುಯ್ಲು ಮುಗಿಯುವಷ್ಟರಲ್ಲಿ ಅದಕ್ಕೆ ಬೇಕಾದಷ್ಟು ಹಿಂದಿ ಅವರ ಬಾಯಿಗೆ ಬಂದಿತ್ತು. ಮಾಡಬೇಕಾದ ಕೆಲಸ ಕಣ್ಣೆದುರಿಗಿತ್ತು.

ವಿದ್ವಾಂಸರು ಹೇಳುವುದೂ ಇದಕ್ಕೆ ದೂರವಿಲ್ಲ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮಟ್ಟಗಳಿವೆ. ಪ್ರತಿ ಮಟ್ಟವನ್ನೂ ಅದು ವಿವರಿಸುವುದು ಕಲಿತವರು ಆ ಭಾಷೆಯಲ್ಲಿ ಏನೇನು ಮಾಡಬಲ್ಲರು ಎಂಬುದರ ಮೇಲೆ. ‘ಕೈಲಾದಷ್ಟು ಮಾಡು’ ಎಂದು ಹೇಳಿಸಿಕೊಂಡವರಿಗಿಂತ ಖಚಿತವಾದ, ಸ್ವಲ್ಪ ಕಷ್ಟದ ಗುರಿ ಇಟ್ಟುಕೊಂಡವರು ಹೆಚ್ಚು ಸಾಧಿಸುತ್ತಾರೆ ಎಂದು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಳ ಅಧ್ಯಯನದಿಂದ ತೋರಿಸಿದ್ದಾರೆ.

ನನ್ನದು ಹೋಂಸ್ಟೇ. ಅತಿಥಿಗಳು ಕಾಫಿ ಒಣಗಿಸುವ ಕಣದ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: ಎರಡೂ ಕಾಫಿಯೇ ಆದರೆ ಒಂದು ರಾಶಿ ಬಿಳಿಚಿಕೊಂಡು ಇನ್ನೊಂದು ಕಪ್ಪಾಗಿರುವುದೇಕೆ? ಪಲ್ಪರ್, ಪಾರ್ಚ್‌ಮೆಂಟ್, ಚೆರಿ, ಬೋರರ್ (ಕೊರೆಯುವ ಹುಳು) ಎಂದು ಇಂಗ್ಲಿಷ್ ಪದಗಳು ಬೆಳೆಗಾರರ ಮನೆಯಲ್ಲಿ ದಿನವಿಡೀ ಓಡಾಡುತ್ತವೆ. ಅವುಗಳನ್ನು ಸೇರಿಸುವ ವಾಕ್ಯ ಮಾತ್ರ ಬಾಯಿಗೆ ಬರುವುದಿಲ್ಲ. ಹಾಗಾಗಿ ಹಣ್ಣು ಕುಯ್ಯುವುದರಿಂದ ಒಣಗಿಸುವವರೆಗೆ ಯಾರನ್ನೂ ಕರೆಯದೆ ನಾನೇ ವಿವರಿಸಬೇಕು ಎಂಬ ಗುರಿ ಇಟ್ಟುಕೊಂಡೆ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ಲೋಳೆ ಹೋಗುವಂತೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಬಿಳಿಚಿದ ರಾಶಿ ಅದು. ಹಣ್ಣನ್ನು ಸಿಪ್ಪೆಸಹಿತ ಹಾಗೆಯೇ ಒಣಗಿಸಿದರೆ ಚೆರಿ, ಕಪ್ಪು ರಾಶಿ ಅದು. ಇಷ್ಟನ್ನು ಹೇಳಲು ವರ್ತಮಾನ ಕಾಲದ ಹತ್ತಿಪ್ಪತ್ತು ಕ್ರಿಯಾಪದ, ‘ಮೊದಲು’, ‘ಆಮೇಲೆ’, ‘ಒಂದು ವೇಳೆ’ ಎಂಬ ಅರ್ಥದ ಪದಗಳು ಸಾಕು. ವ್ಯಾಕರಣ ಪುಸ್ತಕದ ಹನ್ನೆರಡು ಕಾಲಗಳಲ್ಲಿ ಬಹುಪಾಲನ್ನು ಧೈರ್ಯವಾಗಿ ಬದಿಗಿಟ್ಟೆ.

ಗುರಿಗೆ ಅಂಟಿಕೊಳ್ಳುವುದು ಎಂದರೆ ವರ್ಷವಿಡೀ ದಿನಕ್ಕೊಂದು ಗಂಟೆ ಓದುವುದು ಎಂದು ಹೇಳುವವರು ನಮ್ಮ ತೋಟಕ್ಕೆ ಜನವರಿಯಲ್ಲಿ ಬಂದು ನೋಡಬೇಕು. ಅರೇಬಿಕಾ ಕಾಫಿಯ ಕುಯ್ಲು ಮುಗಿಯುವ ಮೊದಲೇ ಇನ್ನೊಂದು ಜಾತಿಯ ರೋಬಸ್ಟಾ ಹಣ್ಣಾಗಿ ನಿಂತಿರುತ್ತದೆ, ಪುಸ್ತಕ ಬಿಡಿಸಲು ಯಾರಿಗೆ ಪುರುಸೊತ್ತು? ಆ ತಿಂಗಳುಗಳಲ್ಲಿ ನನ್ನದು ಕೇಳುವುದು, ಹೇಳುವುದು ಮಾತ್ರ. ಸಂಜೆ ಕಣದ ಕಾಫಿಗೆ ಟಾರ್ಪಾಲು ಹೊದಿಸಿದ ಕೂಡಲೇ ಆ ದಿನದ ವಾಕ್ಯಗಳನ್ನು ಅಲ್ಲಿಯೇ ಗಟ್ಟಿಯಾಗಿ ಹೇಳುತ್ತೇನೆ. ಇಂಥ ಕೆಲಸವಾದ ಕೂಡಲೇ ಇದನ್ನು ಮಾಡುತ್ತೇನೆ ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಸಂಕಲ್ಪ ನೆರವೇರುವ ಸಾಧ್ಯತೆ ಹೆಚ್ಚು ಎಂಬುದನ್ನು ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ಬಹಳ ಹಿಂದೆಯೇ ಹೇಳಿದ್ದಾರೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಬರೆಯುವುದಕ್ಕೂ ಓದುವುದಕ್ಕೂ ಅದೇ ಸುಗ್ಗಿ. ದಿನಚರಿ ಋತುವಿಗೆ ತಕ್ಕಂತೆ ಬದಲಾಗಲಿ, ಗುರಿ ಅದೇ ಇರಲಿ.

ನನಗೆ ಸಿಟ್ಟು ಬರುವುದು ನಮ್ಮ ಗುರಿಯನ್ನು ಬದಲಿಸಲು ಬರುವವರ ಮೇಲೆ. ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲಿಷ್ ಎಂದು ಜಾಹೀರಾತು ಹಾಕುವವರು ಒಂದು ಕಡೆ, ಉಚ್ಚಾರಣೆ ಕೇಳಿ ನಗುವ ನೆಂಟರು ಇನ್ನೊಂದು ಕಡೆ.

ನನ್ನ ಓರಗಿತ್ತಿಯನ್ನೇ ನೋಡಿ. ಮಾವನವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಆಸ್ಪತ್ರೆಯಿಂದ ಬಂದ ಚೀಟಿಗಳನ್ನು ತಾನೇ ಓದಿ ತಿಳಿಯಬೇಕು ಎಂಬುದಷ್ಟೇ ಅವಳ ಗುರಿ. ಮಾತನಾಡುವ ಆಸೆಯೇ ಅವಳಿಗಿಲ್ಲ. ‘ಮಾತು ಬಾರದ ಇಂಗ್ಲಿಷ್ ಏಕೆ?’ ಎಂದು ಮನೆಗೆ ಬಂದವರೆಲ್ಲ ಕೇಳಿದರು. ಅವಳು ಜಗ್ಗಲಿಲ್ಲ. ಬಿ.ಡಿ. ಎಂದಿದ್ದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದಿದ್ದರೆ ಮೂರು ಸಲ, ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಲ್ಲವನ್ನೂ ಈಗ ತಾನೇ ಓದಿ ಡಬ್ಬಿಗಳ ಮೇಲೆ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ. ಹಿಂದಿನ ಚೀಟಿಯಲ್ಲಿದ್ದ ಒಂದು ಮಾತ್ರೆ ಹೊಸ ಚೀಟಿಯಲ್ಲಿ ಇಲ್ಲದಿರುವುದನ್ನು ಮೊನ್ನೆ ಮೊದಲು ಗಮನಿಸಿದವಳೂ ಅವಳೇ. ‘ಅಕ್ಕಾ, ಇದನ್ನು ಬೇಕೆಂದೇ ನಿಲ್ಲಿಸಿದ್ದಾರೋ, ಬರೆಯಲು ಬಿಟ್ಟುಹೋಗಿದೆಯೋ?’ ಎಂದು ಕೇಳಿದಳು. ಮಡಿಕೇರಿಗೆ ಹೋಗಿ, ಎರಡೂ ಚೀಟಿಗಳನ್ನು ಮುಂದಿಟ್ಟು, ವೈದ್ಯರನ್ನು ಕನ್ನಡದಲ್ಲಿಯೇ ವಿಚಾರಿಸಿಕೊಂಡು ಬಂದಳು.