ಲೆಕ್ಕದ ಟೀಚರಿಗೆ ಕನ್ನಡ ಏಕೆ?

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಯುವತಿ ಗಣಿತ ಶಿಕ್ಷಕಿಯಾಗುವ ತರಬೇತಿಯಲ್ಲಿದ್ದಾರೆ. ವಿಶ್ವವಿದ್ಯಾಲಯದ ಓದು ಮುಗಿದ ಮೇಲೂ ಇಲ್ಲಿ 18 ತಿಂಗಳು ಶಾಲೆಯಲ್ಲಿ ಹಿರಿಯರ ಕಣ್ಣೆದುರು ಪಾಠ ಮಾಡಿ ಪರೀಕ್ಷೆ ಗೆಲ್ಲಬೇಕು; ಈ ಅವಧಿಯನ್ನು ರೆಫೆರೆಂಡಾರಿಯಾಟ್ ಎನ್ನುತ್ತಾರೆ. ಪ್ರೌಢಶಾಲೆಗೆ ಪಾಠ ಹೇಳಲು ಹೋಗುವವರು ಸಾಮಾನ್ಯವಾಗಿ ಎರಡು ವಿಷಯ ಓದಿರುತ್ತಾರೆ. ಇವರದು ಗಣಿತ ಮತ್ತು ಫ್ರೆಂಚ್. ಅದು ಸಾಲದೆಂಬಂತೆ ತುರ್ಕಿ ಭಾಷೆಯನ್ನು ತಕ್ಕಮಟ್ಟಿಗೆ ಕಲಿತು, ಕಳೆದ ಚಳಿಗಾಲದಿಂದ ನನ್ನ ಬಳಿ ಕನ್ನಡಕ್ಕೆ ಕುಳಿತಿದ್ದಾರೆ.

ನಮ್ಮೂರಿನಲ್ಲಿ ಇಂಥ ಜೋಡಿಯನ್ನು ನಾನು ಕಂಡದ್ದಿಲ್ಲ. ಬಿ.ಇಡಿ.ಯಲ್ಲಿ ಗಣಿತಕ್ಕೆ ಜೊತೆಯೆಂದರೆ ಬಹುಮಟ್ಟಿಗೆ ಭೌತವಿಜ್ಞಾನವೇ, ಮತ್ತು ಪಿಯುಸಿಯಲ್ಲಿ ವಿಜ್ಞಾನ ಹಿಡಿದ ದಿನದಿಂದಲೇ ಭಾಷೆ ಎಂಬುದು ಶೇಕಡಾವಾರು ಏರಿಸುವ ಸಾಧನವಾಗಿ ಉಳಿದುಬಿಡುತ್ತದೆ. ಲೆಕ್ಕದ ಮೇಷ್ಟ್ರಿಗೆ ವ್ಯಾಕರಣವೇಕೆ ಎಂದು ನಾನೂ ಬಹಳ ದಿನ ನಂಬಿದ್ದೆ.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಈ ದೇಶದ ಹಳೆಯ ಮೇಷ್ಟ್ರೊಬ್ಬರು. ಹರ್ಮನ್ ಗ್ರಾಸ್‌ಮನ್ (1809–1877) ಸ್ಟೆಟ್ಟಿನ್ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ವಿಶ್ವವಿದ್ಯಾಲಯದಲ್ಲಿ ಓದಿದ್ದು ದೇವತಾಶಾಸ್ತ್ರ ಮತ್ತು ಪ್ರಾಚೀನ ಭಾಷೆಗಳನ್ನು. ಇಂದಿನ ರೇಖೀಯ ಬೀಜಗಣಿತದ ಮೂಲ ವಿಚಾರಗಳನ್ನು 1844ರಲ್ಲೇ ಪ್ರಕಟಿಸಿದರೂ ಓದುವವರಿರಲಿಲ್ಲ. ನಂತರ ಸಂಸ್ಕೃತದತ್ತ ಹೊರಳಿ ಋಗ್ವೇದಕ್ಕೆ ನಿಘಂಟು ಕಟ್ಟಿದರು. 'ಧಧಾತಿ' ಆಗಬೇಕಾದದ್ದು 'ದಧಾತಿ' ಏಕಾಯಿತು ಎಂಬುದಕ್ಕೆ ಅವರು 1863ರಲ್ಲಿ ಕೊಟ್ಟ ವಿವರಣೆ ಇಂದಿಗೂ ಅವರ ಹೆಸರಿನಲ್ಲೇ ನಿಯಮವಾಗಿ ನಿಂತಿದೆ. 1876ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ನಮ್ಮ ಟ್ಯೂಬಿಂಗೆನ್ ವಿಶ್ವವಿದ್ಯಾಲಯ, ಅದೂ ಭಾಷೆಯ ಕೆಲಸಕ್ಕೆ.

ಆದರೆ ಗ್ರಾಸ್‌ಮನ್‌ರಂಥವರು ಊರಿಗೊಬ್ಬರು ಸಿಗುವುದಿಲ್ಲ. ಸಾಮಾನ್ಯ ಶಿಕ್ಷಕಿಗೆ ಭಾಷೆ ಒದಗುವುದು ಕರಿಹಲಗೆಯ ಬಳಿ. ಜರ್ಮನ್ನರು 47ನ್ನು 'ಏಳು-ಮತ್ತು-ನಲವತ್ತು' ಎನ್ನುತ್ತಾರೆ. ತುರ್ಕಿಯವರು ನಮ್ಮಂತೆಯೇ ನಲವತ್ತನ್ನು ಮೊದಲು ಹೇಳುತ್ತಾರೆ. ಮನೆಯಲ್ಲಿ ತುರ್ಕಿ ಮಾತನಾಡುವ ಹುಡುಗನೊಬ್ಬ ಬಾಯಿಲೆಕ್ಕದಲ್ಲಿ ಪದೇಪದೇ 74 ಎಂದು ಬರೆಯುತ್ತಿದ್ದನಂತೆ. ಬೇರೆ ಶಿಕ್ಷಕರು ಗಮನ ಸಾಲದು ಎಂದು ಷರಾ ಬರೆದಿದ್ದರು. ನಮ್ಮ ಮೇಲಿನ ಮಹಡಿಯ ಈಕೆ ಅವನಿಂದ ಅದೇ ಲೆಕ್ಕವನ್ನು ತುರ್ಕಿಯಲ್ಲಿ ಹೇಳಿಸಿ ಬರೆಸಿದರು, ಸರಿಯಾಗಿ ಬಂತು. ಗಣಿತ ಹುಡುಗನಿಗೆ ಗೊತ್ತಿತ್ತು, ಎಡವುತ್ತಿದ್ದದ್ದು ಕಿವಿ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನನ್ನದೇ ಪಿಯುಸಿಯ ಮೊದಲ ತಿಂಗಳು. ಹತ್ತನೆಯ ತರಗತಿಯವರೆಗೆ ಲ.ಸಾ.ಅ., ಮ.ಸಾ.ಅ., ಛೇದ, ತ್ರಿಜ್ಯ ಎಂದು ಓದಿದ್ದ ನಾವು ಒಂದಷ್ಟು ಜನ ಹಿಂದಿನ ಬೆಂಚಿನಲ್ಲಿ ಬಾಯಿ ಕಟ್ಟಿದವರಂತೆ ಕುಳಿತಿರುತ್ತಿದ್ದೆವು. ಎಲ್‌ಸಿಎಂ ಎಂದರೆ ನಿಮ್ಮ ಲ.ಸಾ.ಅ.ವೇ ಕಣ್ರಯ್ಯಾ ಎಂದು ಉಪನ್ಯಾಸಕರು ಒಂದೇ ಒಂದು ಬಾರಿ ಹೇಳಿದ್ದರೆ ಸಾಕಿತ್ತು.

ಹಾಗೆಂದು ಇಲ್ಲಿನದೆಲ್ಲ ಮೇಲು ಎನ್ನಲಾರೆ. ನಾಲ್ಕನೆಯ ತರಗತಿ ಮುಗಿಯುತ್ತಿದ್ದಂತೆ ಮಕ್ಕಳನ್ನು ಬೇರೆಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುವ ಇಲ್ಲಿನ ಪದ್ಧತಿ ನನಗೆ ಇಂದಿಗೂ ಒಗ್ಗಿಲ್ಲ. ಮನೆಮಾತು ಬೇರೆಯಿರುವ ಮಗುವಿಗೆ ಅಷ್ಟರೊಳಗೆ ಕಿವಿ ಪಳಗಿರಬೇಕಲ್ಲ. ಇನ್ನು, ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಂಗಳೂರಿನ ಹುಡುಗಿಯ ಮುಂದೆ ನಮ್ಮ ಈ ಬಹುಭಾಷಾ ಶಿಕ್ಷಕಿಯೂ ಅಚ್ಚರಿಪಡುತ್ತಾರೆ. ಆ ಸಂಪತ್ತನ್ನು ನಾವು ಗಣಿತದ ಕೋಣೆಯ ಹೊರಗೆ ಚಪ್ಪಲಿಯಂತೆ ಬಿಡಿಸಿ ಒಳಗೆ ಕರೆಯುತ್ತೇವೆ, ಅಷ್ಟೆ.

ಕನ್ನಡದಲ್ಲಿ ಅವರಿಗೆ ಹೆಚ್ಚು ಹಿಡಿಸಿದ್ದು ಮುಕ್ಕಾಲು. ಮೂರು ಕಾಲು ಸೇರಿ ಮುಕ್ಕಾಲು ಎಂದಾಗ, ಇದು ನಮ್ಮಜ್ಜಿಯ ಲೆಕ್ಕ ಎಂದು ನಕ್ಕರು. ಇಲ್ಲಿನ ಸ್ವಾಬಿಯಾ ಸೀಮೆಯ ಹಿರಿಯರು ಎರಡೂಮುಕ್ಕಾಲಿಗೆ 'ಮುಕ್ಕಾಲು ಮೂರು' ಎನ್ನುತ್ತಾರೆ, ಅಂದರೆ ಮೂರನೆಯ ಗಂಟೆಯ ಮುಕ್ಕಾಲು ಪಾಲು ಕಳೆದಿದೆ. ಎರಡೂವರೆಯೂ ಹಾಗೆಯೇ, 'ಅರೆ ಮೂರು'. ಬಂದ ವರ್ಷ ಇದನ್ನು ಮೂರೂವರೆ ಎಂದುಕೊಂಡು ಹಲ್ಲಿನ ವೈದ್ಯರ ಬಳಿ ಒಂದು ಗಂಟೆ ತಡವಾಗಿ ಹೋಗಿ ನಾನು ಬೈಸಿಕೊಂಡಿದ್ದೆ. ಈಗ ಶನಿವಾರದ ಪಾಠಕ್ಕೆ ಅವರು ಚೀಟಿಯಲ್ಲಿ ಕನ್ನಡದಲ್ಲೇ 'ಎರಡೂವರೆ' ಎಂದು ಬರೆದು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಾರೆ.