ಭರಣಿಯಲ್ಲಿಟ್ಟ ಸ್ಕೋರು

ಪೆರ್ಲದ ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಇರುವುದು ಅಡಿಗೆಕೋಣೆಯ ಬಾಗಿಲ ಹಿಂದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಅಡಿಕೆಗೆ ಮದ್ದು ಬಿಟ್ಟ ದಿನ ಎಲ್ಲ ಅದರಲ್ಲೇ. 2023ರ ಜುಲೈಯಲ್ಲಿ ನಾನೂ ಆಗಸ್ಟ್ 5ಕ್ಕೆ ಒಂದು ಸುತ್ತು ಹಾಕಿ ‘ಜಿಆರ್‌ಇ’ ಎಂದು ಬರೆದೆ. ಅಮೆರಿಕದಲ್ಲಿ ಉನ್ನತ ಓದಿಗೆ ಸೇರಲು ಬರೆಯುವ ಪರೀಕ್ಷೆ ಅದು.

ಅಜ್ಜಿ ಕನ್ನಡಕ ಏರಿಸಿ ನೋಡಿದರು. ಅದು ಆಟಿ, ಶುಭಕಾರ್ಯಕ್ಕಾಗದ ತುಳು ತಿಂಗಳು. “ಆಟಿಯಲ್ಲಿ ಎಂತ ಪರೀಕ್ಷೆ ಮಾರಾಯ? ಅದೂ ಶನಿವಾರ. ಒಂಬತ್ತರಿಂದ ಹತ್ತೂವರೆ ರಾಹುಕಾಲ.”

“ಅಮೆರಿಕದವರಿಗೆ ಆಟಿ ಇಲ್ಲ ಅಜ್ಜಿ.”

“ಬರೆಯುವವನು ನೀನಲ್ವಾ?”

ನನ್ನ ಲೆಕ್ಕ ಬೇರೆ ಇತ್ತು. ಅರ್ಜಿಗೆ ಕೊನೆ ದಿನ ಡಿಸೆಂಬರ್ 15. ಅಧಿಕೃತ ಸ್ಕೋರು ಬರಲು 10–15 ದಿನ. ಒಮ್ಮೆ ಕೆಟ್ಟರೆ ಮತ್ತೆ ಬರೆಯಲು ನಡುವೆ 21 ದಿನ ಬಿಡಬೇಕು. ಹಿಂದಿನಿಂದ ಎಣಿಸಿಕೊಂಡು ಬಂದರೆ ಅಕ್ಟೋಬರ್‌ನಲ್ಲಿ ಬರೆದರೂ ಧಾರಾಳ ಸಾಕಿತ್ತು. ಆದರೆ ಬೇಗ ಮುಗಿಸಿದವನೇ ಜಾಣ ಎಂಬ ಹುಚ್ಚು ನನಗೆ ಸಣ್ಣದರಿಂದಲೂ ಉಂಟು. ಮದುವೆ ಊಟಕ್ಕೂ ಮೊದಲ ಪಂಕ್ತಿಯಲ್ಲೇ ಕೂತು, ಆರದ ಪಾಯಸದಲ್ಲಿ ನಾಲಿಗೆ ಸುಟ್ಟುಕೊಳ್ಳುವವನು ನಾನು.

ಹೊರಡುವ ದಿನ ಮಳೆ ಬಿಟ್ಟಿತು. ಮಳೆ ಬಿಟ್ಟರೆ ನಮ್ಮಲ್ಲಿ ಪರೀಕ್ಷೆ ಗಿರೀಕ್ಷೆ ಯಾವುದೂ ಇಲ್ಲ, ಕೊಳೆರೋಗಕ್ಕೆ ಮದ್ದು ಬಿಡಬೇಕು. ಅಪ್ಪನ ಜೊತೆ ಸಂಜೆವರೆಗೆ ಮೈಲುತುತ್ತು ಕಲಸಿ ಕಾಸರಗೋಡಿಗೆ ಓಡಿ ರಾತ್ರಿ ರೈಲು ಹತ್ತಿದೆ. ಬೆಂಗಳೂರಿನ ಸೆಂಟರಿನಲ್ಲಿ ಜೇಬು ಹೊರಗೆಳೆದು ತೋರಿಸಿದೆ, ಪಾಸ್‌ಪೋರ್ಟ್ ಕೊಟ್ಟೆ. ಆ ಹುಡುಗಿ ಪಾಸ್‌ಪೋರ್ಟ್ ಬಿಟ್ಟು ನನ್ನ ಉಗುರು ನೋಡಿದಳು. ಹತ್ತೂ ನೀಲಿ.

“ಇದೇನ್ ಸರ್?”

“ಅಡಿಕೆ ಮದ್ದು.”

ಕೈ ಮಗುಚಿ ನೋಡಿದಳು. ಸೂತ್ರ ಗೀತ್ರ ಬರೆದಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟಳು.

ಮೂರು ಮುಕ್ಕಾಲು ಗಂಟೆ. ಎರಡು ಪ್ರಬಂಧ, ಲೆಕ್ಕ, ಇಂಗ್ಲಿಷು, ಅದರ ಮೇಲೆ ಅಂಕಕ್ಕೇ ಸೇರದ ಒಂದು ಭಾಗ. ಅದು ಯಾವುದೆಂದು ಮಾತ್ರ ಅವರು ಹೇಳುತ್ತಿರಲಿಲ್ಲ. ನಡುವೆ 10 ನಿಮಿಷದ ಬಿಡುವಿನಲ್ಲಿ ಅಮ್ಮ ಕಟ್ಟಿಕೊಟ್ಟ ಹಲಸಿನ ಸೋಂಟೆ ತಿಂದೆ. ಕೊನೆಗೆ ಪರದೆಯ ಮೇಲೆ ಸ್ಕೋರು ಕಂಡಿತು. ಸೋಂಟೆಯೊಂದೇ ಚೆನ್ನಾಗಿತ್ತು.

ಆಗಲಾದರೂ ಸುಮ್ನೆ ಕೂರಬಹುದಿತ್ತು. ಕೂರಲಿಲ್ಲ. 21 ದಿನ ಮುಗಿದದ್ದೇ ತಡ, ಆಗಸ್ಟ್ ಕೊನೆಗೆ ಮತ್ತೆ ಹೋಗಿ ಮತ್ತೆ ಮೂರು ಮುಕ್ಕಾಲು ಗಂಟೆ ಕೂತೆ. ಎರಡೂ ಸೇರಿ ಏಳೂವರೆ ಗಂಟೆ. ಅಷ್ಟು ಹೊತ್ತಿಗೆ ಇಡೀ ರಾತ್ರಿಯ ಯಕ್ಷಗಾನ ಆಟ ನೋಡಿ ಬರಬಹುದಿತ್ತು, ಮಹಿಷಾಸುರನ ಪ್ರವೇಶ ಸಮೇತ. ಈ ಸಲ ಅಂಕ ಸ್ವಲ್ಪ ಏರಿತು. ವಾಪಸು ಬರುವಾಗ ಓಣಂ ರಶ್ಶು. ಜನರಲ್ ಬೋಗಿಯಲ್ಲಿ ಯಾರದ್ದೋ ನೇಂದ್ರಬಾಳೆ ಗೊನೆಗೆ ಒರಗಿ ನಿಂತೇ ಊರು ಸೇರಿದೆ.

ಸೆಪ್ಟೆಂಬರ್ 22ಕ್ಕೆ ಜಿಆರ್‌ಇ 1 ಗಂಟೆ 58 ನಿಮಿಷಕ್ಕೆ ಇಳಿಯಿತು! ಪ್ರಬಂಧ ಒಂದೇ. ಆ ಲೆಕ್ಕಕ್ಕಿಲ್ಲದ ಭಾಗವೂ ಇಲ್ಲ. ಸ್ಕೋರು ಕೂಡ 8–10 ದಿನದಲ್ಲಿ ಬರುತ್ತದಂತೆ. ಸುದ್ದಿ ಮೇ ಕೊನೆಗೇ ಹೊರಬಿದ್ದಿತ್ತು. ನಾನು ಕಷ್ಟದ ಇಂಗ್ಲಿಷ್ ಪದ ಬಾಯಿಪಾಠ ಮಾಡುವ ಗಡಿಬಿಡಿಯಲ್ಲಿ ಸುಲಭದ ಇಂಗ್ಲಿಷ್ ಸುದ್ದಿ ಓದಿರಲಿಲ್ಲ.

“ಆಟಿ ಕಳೆಯಲಿ ಎಂದು ನಾನು ಹೇಳಿದ್ದೆ” ಎಂದರು ಅಜ್ಜಿ. ಆಮೇಲೆ ಪಾಪ ಅನಿಸಿರಬೇಕು. “ಹೊಸದರಲ್ಲಿ ಸೋಂಟೆ ತಿನ್ನಲು ಬಿಡುವು ಉಂಟಾ?”

“ಇಲ್ಲ.”

“ಮತ್ತೆ?”

ಆ ವರ್ಷ ಅರ್ಜಿ ಹಾಕಿದೆ. ಒಂದು ಕಡೆಯವರು ಜಿಆರ್‌ಇ ಸ್ಕೋರು ಬೇಕಾದರೆ ಕಳಿಸಿ, ಇಲ್ಲದಿದ್ದರೂ ಅಡ್ಡಿಯಿಲ್ಲ ಎಂದರು. ಅದನ್ನು ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ. ಇನ್ನೊಂದು ಕಡೆ ಸೀಟು ಸಿಕ್ಕಿತು, ದುಡ್ಡು ಸಿಗಲಿಲ್ಲ. ಸದ್ಯಕ್ಕೆ ಊರಲ್ಲೇ ಇದ್ದೇನೆ.

ಮೊನ್ನೆ ಅಜ್ಜಿ ಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟುತ್ತಾ ಕೇಳಿದರು, “ನಿನ್ನ ಆ ಮಾರ್ಕು ಹಾಳಾಯಿತಾ?”

“ಇಲ್ಲ. ಐದು ವರ್ಷ ಬರುತ್ತದೆ. 2028ರ ಆಗಸ್ಟ್‌ವರೆಗೆ.”

“ಮತ್ತೊಂದು ಬರೆದಿದ್ದೆಯಲ್ಲ, ಟೋಫೆಲ್ಲು?”

“ಆ ಇಂಗ್ಲಿಷ್ ಪರೀಕ್ಷೆಯದ್ದು ಎರಡೇ ವರ್ಷ. ಮುಗಿಯಿತು.”

“ಅದಕ್ಕೆ ಉಪ್ಪು ಕಮ್ಮಿ ಬಿದ್ದದ್ದು” ಎಂದು ಅಜ್ಜಿ ದಾರ ಬಿಗಿದರು. “ಇದಕ್ಕಾದರೂ ಒದ್ದೆ ಕೈ ಹಾಕಬೇಡ.”