ಬಸವನಿಗೊಂದು ಕೊಂಬು

ಬ್ಯಾಂಕಿನ ಕೌಂಟರಿನಲ್ಲಿದ್ದ ಹುಡುಗಿ ನನ್ನ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. "ಸಾರ್, ಇದರಲ್ಲಿ ಬಸವರಾಜ ಅಂತಿದೆ, ಇದರಲ್ಲಿ ಬಸವರಾಜು. ಅಫಿಡವಿಟ್ ಬೇಕಾಗುತ್ತೆ" ಅಂದಳು. ನಾನು ಹುಟ್ಟಿದ್ದು ಧಾರವಾಡದ ಕಡೆ, ಆಧಾರ್ ಮಾಡಿಸಿದ್ದು ಮೈಸೂರಿನಲ್ಲಿ. ಆ ಕಡೆ ರಾಜ ಸಲೀಸಾಗಿ ರಾಜು ಆಗಿಬಿಡುತ್ತಾನೆ. ಟೈಪ್ ಮಾಡಿದವನು ತನ್ನ ಕಿವಿಗೆ ಸರಿ ಅನ್ನಿಸಿದ್ದನ್ನೇ ಹಾಕಿದ್ದಾನೆ. ಒಂದು ಕೊಂಬು ಜಾಸ್ತಿ ಆಗಿದೆ, ಅಷ್ಟೆ. ಬಸವನಿಗೆ ಕೊಂಬಿದ್ದರೆ ತಪ್ಪೇನಮ್ಮ ಅಂತ ಕೇಳಬೇಕೆನ್ನಿಸಿತು. ಹಿಂದೆ ಸಾಲು ಉದ್ದ ಇತ್ತು. ಸುಮ್ನಾದೆ.

ಬಸವ ಅಂದರೆ ಗೂಳಿ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹ ಆಗಿ, ಕನ್ನಡಕ್ಕೆ ಬರುವಾಗ ಬಸವ ಆಯಿತು. ವನ ಬನ ಆದ ಹಾಗೆ, ವರ್ಣ ಬಣ್ಣ ಆದ ಹಾಗೆ. ಸವೆದದ್ದೇ ಒಳ್ಳೆಯದಾಯಿತು. ಹೊಲದಲ್ಲಿ ನಿಂತು "ವೃಷಭಾ" ಅಂತ ಕೂಗಿದರೆ ಯಾವ ದನ ತಿರುಗಿ ನೋಡುತ್ತದೆ ಹೇಳಿ?

12ನೇ ಶತಮಾನದಲ್ಲಿ ಬಾಗೇವಾಡಿಯ ಮಾದರಸ, ಮಾದಲಾಂಬಿಕೆ ಮಗನಿಗೆ ಈ ಹೆಸರಿಟ್ಟರು. ತಾಯಿ ನಂದಿಯನ್ನು ಬೇಡಿಕೊಂಡು ಪಡೆದ ಮಗ ಅನ್ನುತ್ತದೆ ಕಥೆ. ಆ ಮಗ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ, ಶರಣರಿಗೆಲ್ಲ ಅಣ್ಣನಾದ. ಈಗ ಗುಡಿಯ ಮುಂದಿನ ಕಲ್ಲಿನ ನಂದಿಯೂ ನಮಗೆ ಬಸವಣ್ಣನೇ. ಗೂಳಿ ಮನುಷ್ಯನಿಗೆ ಹೆಸರು ಸಾಲ ಕೊಟ್ಟಿತು, ಮನುಷ್ಯ ಬಡ್ಡಿಯಾಗಿ 'ಅಣ್ಣ' ಸೇರಿಸಿ ತೀರಿಸಿದ. ಇದು ನನ್ನ ಲೆಕ್ಕ, ಪಂಡಿತರು ಒಪ್ಪದಿದ್ದರೆ ಬೇಡ.

ಆಮೇಲೆ ಹೆಸರು ಕವಲೊಡೆದದ್ದಕ್ಕೆ ಮಿತಿಯೇ ಇಲ್ಲ. ನಮ್ಮ ಕಡೆ ಬಸಪ್ಪ, ಬಸಯ್ಯ, ಬಸನಗೌಡ, ಬಸವಣ್ಣೆಪ್ಪ. ಮಂಡ್ಯದ ಕಡೆ ಬಸವೇಗೌಡ, ಬಸವಯ್ಯ. ಮುಂದೆ ಸೇರಿಸಿದರೆ ಚೆನ್ನಬಸಪ್ಪ, ಗುರುಬಸಪ್ಪ, ಸಂಗನಬಸಪ್ಪ. ತೆಲುಗರ ನಾಡಿನಲ್ಲಿ ಬಸವಪುನ್ನಯ್ಯ ಅನ್ನುವ ದೊಡ್ಡ ಕಮ್ಯುನಿಸ್ಟ್ ನಾಯಕರೇ ಇದ್ದರು. 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಜಮಖಂಡಿ ಕಡೆಯ ಬಸಪ್ಪ ದಾನಪ್ಪ ಜತ್ತಿ. ಪೇಪರಿನಲ್ಲೆಲ್ಲ ಬಿ.ಡಿ. ಜತ್ತಿ ಅಂತಲೇ ಬರುತ್ತಿತ್ತು. ಆ 'ಬಿ' ಒಳಗೆ ಒಬ್ಬ ಬಸಪ್ಪ ಕೂತಿದ್ದಾನೆ ಅಂತ ದಿಲ್ಲಿಯವರಿಗೆ ಎಷ್ಟು ಜನಕ್ಕೆ ಗೊತ್ತಿತ್ತೋ!

ನನ್ನ ಹೆಸರು ನಮ್ಮಜ್ಜನದು. ಅಜ್ಜ ಬಸಪ್ಪ, ಮೊಮ್ಮಗ ಬಸವರಾಜ. ಇದರಿಂದ ತೊಂದರೆಯಾದದ್ದು ನಮ್ಮವ್ವನಿಗೆ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ಹೆತ್ತ ಮಗನನ್ನು ಬೈಯಲೂ ಆಗದು, ಬೈದರೆ ಮಾವನವರನ್ನು ಬೈದ ಹಾಗೆ. ಹಾಗಾಗಿ ನಾನು ಅವ್ವನಿಗೆ ಇವತ್ತಿಗೂ 'ಅಪ್ಪೂ'. ಅದಾದರೂ ಸರಿ. ಮಳೆಗಾಲದಲ್ಲಿ ಹಿತ್ತಲ ಗೋಡೆಯ ಮೇಲೆ ಬಸವನ ಹುಳು ಹತ್ತುತ್ತಿದ್ದರೆ ಏನು ಮಾಡುವುದು? "ಅಪ್ಪೂ, ಮಾವಾರ ಹುಳಾ ಬಂದೈತಿ ನೋಡ" ಅನ್ನುತ್ತಿದ್ದಳು. ಸೆರಗು ತಲೆ ಮೇಲೆ ಎಳೆದುಕೊಂಡೇ ಅನ್ನುತ್ತಿದ್ದಳು ಅಂತ ನಮ್ಮಕ್ಕ ಇವತ್ತಿಗೂ ಆಣೆ ಮಾಡುತ್ತಾಳೆ. ಅಜ್ಜ ಪಡಸಾಲೆಯಲ್ಲಿ ಕೂತು ಕೇಳಿಯೂ ಕೇಳದವರ ಹಾಗೆ ಅಡಿಕೆ ಕತ್ತರಿಸುತ್ತಿದ್ದರು.

ಸ್ಕೂಲಿನಲ್ಲಿ ಒಂದೇ ಕ್ಲಾಸಿಗೆ ನಾಲ್ಕು ಬಸವರಾಜರು. ಉದ್ದನೆಯ ಬಸ್ಯಾ, ಗಿಡ್ಡ ಬಸ್ಯಾ, ಹಿಟ್ಟಿನ ಗಿರಣಿ ಬಸ್ಯಾ, ಕಡೆಗೆ ಏನೂ ಗುರುತಿಲ್ಲದ ನಾನು, ಬರೀ ಬಸ್ಯಾ. ಬೆಂಗಳೂರಿಗೆ ಬಂದ ಮೇಲೆ ಆಫೀಸಿನವರು ಹೆಸರನ್ನು 'ಬಸ್' ಮಾಡಿದರು. ಅದು ಬಾಯಿಂದ ಬಾಯಿಗೆ ಹೋಗಿ 'ಬಾಸ್' ಆಯಿತು. ಹದಿನಾರು ವರ್ಷದಿಂದ ಎಲ್ಲರೂ ಬಾಸ್ ಅನ್ನುತ್ತಾರೆ. ಪ್ರಮೋಷನ್ ಮಾತ್ರ ಬಂದಿಲ್ಲ. ಮೀಟಿಂಗಿನಲ್ಲಿ ಎಲ್ಲದಕ್ಕೂ ತಲೆಯಾಡಿಸುವವನಿಗೆ ಕೋಲೆ ಬಸವ ಅನ್ನುತ್ತಾರಲ್ಲ, ಅದು ಬೇಕಾದರೆ ಎರಡು ಸಲ ಬಂದಿದೆ.

ಅಫಿಡವಿಟ್ ಮಾಡಿಸಲು ಕೋರ್ಟಿನ ಎದುರು ಟೈಪ್ ಮಾಡುವವರ ಹತ್ತಿರ ಹೋದೆ. "ಬಸವರಾಜ ಮತ್ತು ಬಸವರಾಜು ಇಬ್ಬರೂ ಒಬ್ಬನೇ ವ್ಯಕ್ತಿ" ಅಂತ ಹೊಡೆದರು. "ಬೇರೆ ಯಾವ ಹೆಸರಾದರೂ ಇದೆಯಾ ಸಾರ್? ಈಗಲೇ ಸೇರಿಸಿಬಿಡ್ತೀನಿ" ಅಂದರು. ಅಪ್ಪು, ಬರೀ ಬಸ್ಯಾ, ಬಾಸ್, ಎಲ್ಲ ನಾಲಿಗೆ ತುದಿಗೆ ಬಂತು. ಇಲ್ಲ ಅಂದೆ. ಛಾಪಾ ಕಾಗದ, ಟೈಪಿಂಗು, ನೋಟರಿ ಸೇರಿ ನಾನೂರು ರೂಪಾಯಿ ಆಯಿತು. ಕಾರಹುಣ್ಣಿಮೆಗೆ ನಮ್ಮ ಮನೆಯ ಜೋಡೆತ್ತಿನ ನಾಲ್ಕೂ ಕೊಂಬಿಗೆ ಬಣ್ಣ ಬಳಿದರೂ ಇಷ್ಟಾಗುವುದಿಲ್ಲ.